ಬೆಂಚುಗಳು ಹೊರಗೆ ಬರುವ ಕಾಲ

ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಮುತ್ತ ಮನೆ ಮಾಡಿರುವ ನಮ್ಮ ಕನ್ನಡಿಗರಲ್ಲಿ ಅನೇಕರಿಗೆ ಬಡಾವಣೆಯ ಲೂಥರನ್ ಚರ್ಚ್ ಅಂದರೆ ಭಾನುವಾರದ ಗಂಟೆಯ ಸದ್ದು, ಇಲ್ಲವೇ ಮಗುವಿನ ಹುಟ್ಟುಹಬ್ಬಕ್ಕೆ ಬಾಡಿಗೆ ಹಿಡಿದ ಗೆಮೈಂಡೆಹೌಸ್ (ಚರ್ಚಿನ ಸಮುದಾಯ ಭವನ) ಹಾಲ್, ಅಷ್ಟೇ. ಒಳಗೆ ಹೋಗಿ ಕೂರಲು ಸಂಕೋಚ. ಅದು ಕಳೆಯಲು ಬೇಸಿಗೆಯಷ್ಟು ಅನುಕೂಲದ ಕಾಲ ಇನ್ನೊಂದಿಲ್ಲ. ಆರಾಧನೆಯೇ ಗೋಡೆ ದಾಟಿ ದ್ರಾಕ್ಷಿತೋಟದ ದಿಬ್ಬಕ್ಕೆ, ಕಾಡಂಚಿನ ಬಯಲಿಗೆ, ಕೆರೆಯ ದಂಡೆಗೆ ಬಂದಿರುತ್ತದೆ. ನೋಡಲು ಹೋಗುವವರಿಗೂ ಕೈ ಜೋಡಿಸಲು ಹೋಗುವವರಿಗೂ ಉಪಯೋಗವಾಗಲಿ ಎಂದು ಈ ಸಲದ ಸಂಪಾದಕೀಯ.

ಮೊದಲು ಪಂಚಾಂಗ. ಈಸ್ಟರ್‌ನಿಂದ 40ನೇ ದಿನ, ಗುರುವಾರ, ಯೇಸುವಿನ ಸ್ವರ್ಗಾರೋಹಣದ ರಜೆ. ಬಯಲಿನ ಆರಾಧನೆಗಳು ಬಹಳ ಕಡೆ ಶುರುವಾಗುವುದು ಅಂದೇ. 50ನೇ ದಿನ ಪಂಚಾಶತ್ತಮ (ಪೆಂಟೆಕೋಸ್ಟ್), ವೇದಿಯ ಮೇಲೆ ಕೆಂಪು ಬಟ್ಟೆ. ಮುಂದಿನ ಭಾನುವಾರ ತ್ರಿಯೇಕ ದೇವರ ಹಬ್ಬ, ಬಿಳಿ. ಅಲ್ಲಿಂದ ಶರತ್ಕಾಲದವರೆಗೆ ಹೆಚ್ಚುಕಡಿಮೆ ಹಸಿರೇ, ಭಾನುವಾರಗಳನ್ನೂ ‘ತ್ರಿಯೇಕ ಹಬ್ಬದ ನಂತರದ ಇಷ್ಟನೆಯದು’ ಎಂದೇ ಎಣಿಸುತ್ತಾರೆ. ನಡುವೆ ಜೂನ್ 24, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕನಾದ ಯೋಹಾನನ ದಿನ. 2023ರಲ್ಲಿ ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಗಳ (ಚರ್ಚ್ ಸಮುದಾಯಗಳ) ಒಕ್ಕೂಟ ಇದೇ ದಿನದ ಸುತ್ತ ದೇಶದಾದ್ಯಂತ ದೀಕ್ಷಾಸ್ನಾನದ ಅಭಿಯಾನ ನಡೆಸಿತ್ತು. ನದಿ, ಕೆರೆಗಳ ದಂಡೆಯಲ್ಲಿ ದೀಕ್ಷಾಸ್ನಾನ ಈಗ ಅಪರೂಪವಲ್ಲ.

ನಮ್ಮ ರಾಜ್ಯವಾದ ಬಾಡೆನ್-ವ್ಯೂರ್ಟೆಂಬೆರ್ಗ್‌ನಲ್ಲಿ ಶಾಲೆಯ ಬೇಸಿಗೆ ರಜೆ ಜುಲೈ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಎರಡನೆಯ ವಾರದವರೆಗೆ ನಡೆಯುತ್ತದೆ. ಸಭಾಪಾಲಕರಿಗೂ (ಪಾದ್ರಿಗಳಿಗೂ) ರಜೆ ಬೇಕಲ್ಲ. ಹಾಗಾಗಿ ಅಕ್ಕಪಕ್ಕದ ನಾಲ್ಕೈದು ಸಭೆಗಳು ಸೇರಿ ಬೇಸಿಗೆಯ ಪ್ರಸಂಗ (ಧರ್ಮೋಪದೇಶ) ಸರಣಿ ಮಾಡಿಕೊಳ್ಳುತ್ತವೆ. ಎಲ್ಲರಿಗೂ ಒಂದೇ ವಿಷಯ. ಒಬ್ಬೊಬ್ಬರು ಒಂದೊಂದು ಪ್ರಸಂಗ ಸಿದ್ಧಮಾಡಿ, ವಾರಕ್ಕೊಂದು ಊರಿನಂತೆ ಅದನ್ನೇ ಹೊತ್ತು ತಿರುಗುತ್ತಾರೆ. ಮಾಮೂಲಿನ ವಾರಗಳಲ್ಲಿ ಆರು ವರ್ಷದ ಚಕ್ರದಲ್ಲಿ ಬರುವ ಗೊತ್ತಾದ ಬೈಬಲ್ ಭಾಗದ ಮೇಲೆ ಪ್ರಸಂಗ ಮಾಡಬೇಕು. ಬೇಸಿಗೆಯಲ್ಲಿ ಆ ಕಟ್ಟು ಸಡಿಲ, ಬೇರೆ ಬೇರೆ ಧ್ವನಿ ಕೇಳಲು ಸಿಗುವುದೂ ಆಗಲೇ. ತೊಂದರೆ ಬರುವುದು ಒಂದೇ ಕಡೆ: ಎರಡು ಸಭೆಗಳು ಕೂಡಿ ಒಂದೇ ಆರಾಧನೆ ಇಟ್ಟುಕೊಂಡ ಭಾನುವಾರ ನಿಮ್ಮ ಬೀದಿಯ ಚರ್ಚಿಗೆ ಬೀಗ ಬಿದ್ದಿರುತ್ತದೆ. ವೇಳೆಯೂ ಅರ್ಧ ಗಂಟೆ ಆಚೀಚೆ ಆಗುವುದುಂಟು. ಹೊರಡುವ ಮುಂಚೆ ಸಭೆಯ ಪತ್ರಿಕೆ ಗೆಮೈಂಡೆಬ್ರೀಫ್ ಅಥವಾ ಊರಿನ ವಾರಪತ್ರಿಕೆ ನೋಡಿಕೊಳ್ಳಿ. ‘ಮಳೆ ಬಂದರೆ ಚರ್ಚಿನೊಳಗೆ’ ಎಂಬ ಸಾಲು ಅದರಲ್ಲೇ ಇರುತ್ತದೆ.

ಬಯಲಿನ ಆರಾಧನೆ ಸರಳವಾಗಿ ಕಾಣುತ್ತದೆ, ಆದರೆ ಕೆಲಸ ಬೇಕಾದಷ್ಟಿದೆ. ಮಡಚುವ ಬೆಂಚು 2.20 ಮೀಟರ್ ಉದ್ದ. ಐದು ಜನ ಕೂರಬಹುದು ಅಂತಾರೆ, ನಾಲ್ಕೇ ಲೆಕ್ಕ ಹಿಡಿಯಿರಿ. ನೂರು ಜನಕ್ಕೆ 25 ಬೆಂಚು, ಜೊತೆಗೆ ಒರಗು ಇರುವ ಹದಿನೈದು ಕುರ್ಚಿ. ಒರಗಿಲ್ಲದ ಹಲಗೆಯ ಮೇಲೆ ಒಂದು ಗಂಟೆ ಕೂರುವುದು ಎಪ್ಪತ್ತು ದಾಟಿದವರಿಗೆ ಆಗದ ಮಾತು. ಕುರ್ಚಿಗಳನ್ನು ನೆರಳಿನಲ್ಲಿ, ದಾರಿಯ ಪಕ್ಕದಲ್ಲೇ ಇಡಬೇಕು. ವೇದಿ ಯಾವ ದಿಕ್ಕಿಗೆ ಎಂಬುದರಲ್ಲಿ ಹೊಸಬರು ಎಡವುತ್ತಾರೆ. ಹಳೆಯ ಚರ್ಚುಗಳಲ್ಲಿ ವೇದಿ ಪೂರ್ವಕ್ಕಿರುತ್ತದೆ ಎಂದು ಬಯಲಲ್ಲೂ ಹಾಗೇ ಇಟ್ಟರೆ ಜೂನ್ ತಿಂಗಳ ಬೆಳಿಗ್ಗೆ ಹತ್ತಕ್ಕೆ ಸೂರ್ಯ ಪೂರ್ವ-ಆಗ್ನೇಯದಲ್ಲಿ, ನೇರ ಜನರ ಕಣ್ಣಿಗೆ. ವೇದಿ ಪಶ್ಚಿಮಕ್ಕೋ ಉತ್ತರಕ್ಕೋ ಇರಲಿ, ಪ್ರಸಂಗ ಮಾಡುವವರ ತಲೆಯ ಮೇಲೊಂದು ಕೊಡೆಯಿರಲಿ.

ಗಾಳಿಗೆ ಮೇಣದ ಬತ್ತಿ ನಿಲ್ಲದು, ಗಾಜಿನ ಲಾಟೀನು ಬೇಕು. ವೇದಿಯ ಬಟ್ಟೆಗೆ ನಾಲ್ಕು ಮೂಲೆಯಲ್ಲೂ ಕ್ಲಿಪ್ಪು. ಕರ್ತನ ಭೋಜನವಿದ್ದರೆ, ಅಂದರೆ ಯೇಸುವಿನ ಕಡೆಯ ಊಟದ ನೆನಪಿಗೆ ಅಪ್ಪ, ದ್ರಾಕ್ಷಾರಸ ಹಂಚುವುದಿದ್ದರೆ, ಅಪ್ಪದ ಬಿಲ್ಲೆಗಳು ತುಂಬಾ ಹಗುರ, ಮುಚ್ಚಳವಿರುವ ಪಾತ್ರೆಯಲ್ಲೇ ಇಡಬೇಕು. ದ್ರಾಕ್ಷಾರಸದ ಬಟ್ಟಲಿಗೂ ಮುಚ್ಚಳ ಬೇಕು, ಏಕೆಂದರೆ ಆಗಸ್ಟ್‌ನಲ್ಲಿ ಕಣಜಗಳು ಸಿಹಿ ಎಲ್ಲಿದೆಯೋ ಅಲ್ಲಿಗೆ ಬಂದೇ ಬರುತ್ತವೆ. ಮುಚ್ಚದ ಬಟ್ಟಲೊಳಗೆ ಬಿದ್ದ ಕಣಜ ಬಾಯಿಗೆ ಹೋದರೆ ಗಂಟಲು ಊದಿಕೊಂಡು ಪ್ರಾಣಕ್ಕೇ ಸಂಚಕಾರ. ಅವನ್ನು ಹೊಡೆದು ಸಾಯಿಸುವ ಹಾಗಿಲ್ಲ, ಇಲ್ಲಿನ ಪ್ರಕೃತಿ ರಕ್ಷಣಾ ಕಾನೂನು ಅಡ್ಡ ಬರುತ್ತದೆ. ತಿಂಡಿಯ ಮೇಜಿನಿಂದ ದೂರದಲ್ಲಿ ಹಣ್ಣಾದ ದ್ರಾಕ್ಷಿಯ ತಟ್ಟೆಯೊಂದನ್ನು ಇಟ್ಟರೆ ಸ್ವಲ್ಪ ಹಿಂಡು ಅತ್ತ ಸರಿಯುತ್ತದೆ.

ಕರೆಂಟಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ವೈರಿನ ಉರುಳೆಯನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು. ಸುತ್ತಿದ ಹಾಗೇ ಬಿಟ್ಟು ಕಾಫಿ ಮಷೀನ್ ಹಾಕಿದರೆ ಒಳಗಿನ ಶಾಖ ಹೊರಹೋಗಲು ದಾರಿಯಿಲ್ಲದೆ ವೈರು ಕರಗುತ್ತದೆ. 16 ಆಂಪಿಯರ್ ಸಾಲಿಗೆ ಸುಮಾರು 3,600 ವ್ಯಾಟ್ ಮಿತಿ. ಎರಡು ದೊಡ್ಡ ಕಾಫಿ ಮಷೀನುಗಳು ಅದೇ ಸಾಲಿನಲ್ಲಿದ್ದರೆ ಫ್ಯೂಸ್ ಹೋಗಿ ಮೈಕೂ ಸತ್ತಂತೆ. ಮೈಕಿಗೆ ಬೇರೆ ಸಾಲು ಕೊಡಿ. ಸ್ಪೀಕರ್ ಎರಡು ಮೀಟರ್ ಎತ್ತರದಲ್ಲಿರಲಿ, ಮೈಕಿಗೆ ಸ್ಪಂಜಿನ ಟೋಪಿ ಇರಲಿ. ಇಲ್ಲದಿದ್ದರೆ ಹಿಂದಿನ ಸಾಲಿಗೆ ಗಾಳಿಯ ಗೊರಗೊರ ಸದ್ದೇ ಪ್ರಸಂಗ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲಿನ ಮೋಡ ಹತ್ತು ಕಿಲೋಮೀಟರ್ ಒಳಗೇ ಇದೆ ಎಂದರ್ಥ. ಹಾಡು ಅರ್ಧಕ್ಕೆ ನಿಂತರೂ ಸರಿ, ದಿಬ್ಬ ಇಳಿಯಬೇಕು.

ಹೊರಗೆ ಆರ್ಗನ್ ಇಲ್ಲ, ಅದರ ಜಾಗ ತುಂಬುವುದು ಪೊಸೌನೆನ್‌ಕೋರ್, ಅಂದರೆ ಟ್ರಂಪೆಟ್, ಟ್ರೋಂಬೋನ್, ಟ್ಯೂಬಾಗಳ ಹವ್ಯಾಸಿ ಮೇಳ. ಶಾಲಾ ಮಕ್ಕಳೂ ಅಜ್ಜಂದಿರೂ ಒಂದೇ ಸಾಲಿನಲ್ಲಿ ಕೂತು ಊದುತ್ತಾರೆ. ನುಡಿಸುವ ಹಾಳೆಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪೇ ಗತಿ. ಬಿಸಿಲಿಗೆ ಹಿತ್ತಾಳೆ ಕಾದರೆ ಶ್ರುತಿ ಏರುತ್ತದೆ, ಆದ್ದರಿಂದ ಮೇಳಕ್ಕೆ ಮೊದಲ ನೆರಳು. ಸಭೆಯ ಹಾಡಿನ ಪುಸ್ತಕದ 503ನೆಯದು ಹದಿನೇಳನೇ ಶತಮಾನದ ಹದಿನೈದು ನುಡಿಯ ಬೇಸಿಗೆ ಹಾಡು. ಎಲ್ಲ ನುಡಿ ಹಾಡುವುದು ಅಪರೂಪ, ಮೊದಲ ಮೂರು ನುಡಿ ಮಾತ್ರ ಬಹಳ ಜನಕ್ಕೆ ಬಾಯಿಪಾಠ.

ಈ ರಾಗಗಳ ಧಾಟಿ ನಮ್ಮಲ್ಲಿ ಕೆಲವರಿಗೆ ಹೊಸದಲ್ಲ. ಮಂಗಳೂರು, ಧಾರವಾಡದ ಕಡೆ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಬೆಳೆದವರು ಜರ್ಮನ್ ರಾಗಕ್ಕೆ ಕೂಡಿಸಿದ ಕನ್ನಡ ಹಾಡು ಕೇಳಿಯೇ ದೊಡ್ಡವರಾದವರು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಕೂಡಿ ಕೆಲಸ ಮಾಡಿದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮ್ಯೋಗ್ಲಿಂಗ್ ಹುಟ್ಟಿದ್ದು ಇದೇ ವ್ಯೂರ್ಟೆಂಬೆರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ, 1811ರಲ್ಲಿ. ಕನ್ನಡ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಇಲ್ಲಿಗೆ ಹತ್ತಿರದ ಟ್ಯೂಬಿಂಗೆನ್‌ನಲ್ಲಿ. ಪತ್ರಿಕೆಯೊಂದರ ಸಂಪಾದಕೀಯದಲ್ಲಿ ಈ ಋಣವನ್ನು ನೆನೆಯದೆ ಮುಂದೆ ಹೋಗಲಾಗದು.

ಆರಾಧನೆಗೆ ಹೋದವರು ಏನು ಮಾಡಬೇಕು? ಏನೂ ಗಾಬರಿಯಿಲ್ಲ. ವ್ಯೂರ್ಟೆಂಬೆರ್ಗ್‌ನ ಲೂಥರನ್ನರ ಕ್ರಮ ಬೇರೆ ಕಡೆಯ ಲೂಥರನ್ನರದಕ್ಕಿಂತ ಸಾದಾ: ಹಾಡು, ಕೀರ್ತನೆ, ಪ್ರಾರ್ಥನೆ, ಅದರ ಹಿಂದೆಯೇ ಎಲ್ಲರೂ ಒಂದು ನಿಮಿಷ ಮೌನ, ಬೈಬಲ್ ಪಾಠ, ಪ್ರಸಂಗ, ಮತ್ತೆ ಪ್ರಾರ್ಥನೆ, ಆಶೀರ್ವಾದ. ಉಳಿದವರು ಎದ್ದಾಗ ಎದ್ದರೆ ಸಾಕು. ಕರ್ತನ ಭೋಜನಕ್ಕೆ ಕರೆ ದೀಕ್ಷಾಸ್ನಾನ ಪಡೆದವರಿಗೆ. ಬೇರೆಯವರು ಕೂತೇ ಇದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕಾಣಿಕೆ ಸಾಮಾನ್ಯವಾಗಿ ಹೊರಗೆ ಹೋಗುವ ದಾರಿಯ ಡಬ್ಬಿಗೆ. ಆ ದಿನದ ಹಣ ಯಾವ ಕೆಲಸಕ್ಕೆ ಎಂದು ಮೊದಲೇ ಹೇಳಿರುತ್ತಾರೆ.

ಮುಗಿದ ಮೇಲೆ ಶ್ಟೆಂಡರ್‌ಲಿಂಗ್, ನಿಂತೇ ಕಾಫಿ ಕುಡಿಯುವ, ಈ ಸೀಮೆಯ ಶ್ವಾಬಿಯನ್ ಪದ್ಧತಿ. ಪರಿಚಯ ಬೆಳೆಯುವುದೇ ಇಲ್ಲಿ, ಆಶೀರ್ವಾದವಾದ ಕೂಡಲೇ ಕಾರಿನತ್ತ ಓಡಬೇಡಿ. ಲೀಟರಿಗೆ 60 ಗ್ರಾಂ ಕಾಫಿ ಪುಡಿ ಅಳತೆ. ಬೇಸಿಗೆಯಲ್ಲಿ ಕಾಫಿ ಕಡಿಮೆ ಮಾಡಿ, ತಲೆಗೆ ಅರ್ಧ ಲೀಟರ್ ನೀರು ಅಥವಾ ಸೋಡಾ ಬೆರೆಸಿದ ಸೇಬಿನ ರಸ ಇಟ್ಟುಕೊಳ್ಳುವುದು ಜಾಣತನ.

ಸಭೆಯ ಬೇಸಿಗೆ ಹಬ್ಬವಾದರೆ ಊಟವೂ ಉಂಟು, ಅದರ ಪ್ರಾಣ ಆಲೂಗಡ್ಡೆ ಸಲಾಡ್. ಉತ್ತರ ಜರ್ಮನಿಯವರ ಹಾಗೆ ಮೇಯನೇಸ್ ಹಾಕುವುದಿಲ್ಲ, ಬಿಸಿಲಿನ ದಿನಕ್ಕೆ ಇದೇ ಸುರಕ್ಷಿತ. ಕಿಲೋ ಆಲೂಗಡ್ಡೆಗೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ಕುದಿಯುವ ಸಾರು (ತರಕಾರಿ ಇಲ್ಲವೇ ಮಾಂಸ ಬೇಯಿಸಿ ತೆಗೆದ ತಿಳಿ), ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಮೂರು ನಾಲ್ಕು ಚಮಚ ವಿನಿಗರ್, ಒಂದು ಚಿಕ್ಕ ಚಮಚ ಸಾಸಿವೆ ಪೇಸ್ಟ್, ಉಪ್ಪು, ಮೆಣಸು. ಚೀಲದ ಮೇಲೆ ‘ಫೆಸ್ಟ್‌ಕೊಖೆಂಡ್’ ಎಂದಿರುವ ಗಟ್ಟಿ ಜಾತಿಯದನ್ನೇ ತನ್ನಿ, ಹಿಟ್ಟಿನ ಜಾತಿ ಮುದ್ದೆಯಾಗುತ್ತದೆ. ಸಿಪ್ಪೆ ಸಮೇತ ಬೇಯಿಸಿ, ಬಿಸಿಯಿರುವಾಗಲೇ ಸುಲಿದು, ತೆಳ್ಳಗೆ ಬಿಲ್ಲೆ ಹೆಚ್ಚಿ, ಸಾರು ಸುರಿಯಬೇಕು. ಆರಿದ ಗಡ್ಡೆ ಸಾರು ಹೀರುವುದಿಲ್ಲ. ಎಣ್ಣೆ ನಾಲ್ಕೈದು ಚಮಚ, ಅದು ಕೊನೆಗೆ. ಮೊದಲೇ ಹಾಕಿದರೆ ಬಿಲ್ಲೆಗೆ ಪದರ ಕಟ್ಟಿ ಸಾರು ಒಳಗಿಳಿಯದು. ಗಂಟೆ ಹೊತ್ತು ಬಿಟ್ಟು ಕೈಯಾಡಿಸಿದಾಗ ಪಚಪಚ ಸದ್ದು ಬಂದರೆ ಹದ ಸರಿ, ಬರದಿದ್ದರೆ ಇನ್ನೊಂದು ಸೌಟು ಸಾರು. ಸಸ್ಯಾಹಾರಿಗಳು ಗಮನಿಸಿ: ಸಾರು ಬಹಳ ಸಲ ಮಾಂಸದ್ದು. ‘ಗೆಮ್ಯೂಸೆಬ್ರ್ಯೂಯೆಯೇ?’ (ತರಕಾರಿ ಸಾರೇ?) ಎಂದು ಕೇಳಿಯೇ ಬಡಿಸಿಕೊಳ್ಳಿ. ಹೂರಣ ತುಂಬಿದ ಹಿಟ್ಟಿನ ಕಡುಬಾದ ಮೌಲ್‌ಟಾಶೆಯಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ, ಜಡೆಬ್ರೆಡ್ಡಿನಲ್ಲಿ ಮೊಟ್ಟೆ, ಕೆಲವು ಕ್ರೀಮ್ ಕೇಕಿನಲ್ಲಿ ಜೆಲಟಿನ್. ನೀವೇ ಏನಾದರೂ ಒಯ್ಯುವುದಾದರೆ ಚಿತ್ರಾನ್ನ ಒಳ್ಳೆಯದು, ಆರಿದರೂ ರುಚಿ ಕೆಡುವುದಿಲ್ಲ. ಮೊಸರನ್ನ ಬಿಸಿಲಿಗೆ ಹುಳಿಯುತ್ತದೆ. ಕಡಲೆಕಾಯಿ, ಸಾಸಿವೆ ಹಾಕಿದ್ದರೆ ಚೀಟಿಯಲ್ಲಿ ಬರೆದು ಅಂಟಿಸಲೇಬೇಕು, ಅಲರ್ಜಿಯವರು ಇರುತ್ತಾರೆ.

ಮಕ್ಕಳಿರುವವರಿಗೆ ಒಂದು ಮಾತು. ಸ್ಟುಟ್‌ಗಾರ್ಟ್‌ನ ಸಭೆಗಳು ಕಾಡಿನಂಚಿನ ‘ವಾಲ್ಡ್‌ಹೈಮ್’ಗಳಲ್ಲಿ ರಜೆಯ ಶಿಬಿರ ನಡೆಸುತ್ತವೆ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ, ನಡುವೆ ಊಟ, ಆಟ, ಕತೆ, ಹಾಡು. ಬೇರೆ ಧರ್ಮದ ಮಕ್ಕಳಿಗೂ ಬಾಗಿಲು ತೆರೆದಿದೆ. ನೋಂದಣಿ ಮಾತ್ರ ಬೇಸಿಗೆಗೆ ಬಹಳ ಮುಂಚೆಯೇ, ಚಳಿಗಾಲ ಮುಗಿಯುವ ಹೊತ್ತಿಗೆ ವಿಚಾರಿಸಿ. ಅರ್ಜಿಯಲ್ಲೇ ಆಹಾರದ ನಿಯಮ ಬರೆಯಿರಿ, ಮೊದಲ ದಿನ ಅಡುಗೆಮನೆಯ ಮುಂದೆ ನಿಂತು ಹೇಳಿದರೆ ತಡವಾಯಿತು.

ಕೈ ಜೋಡಿಸಬೇಕೆಂದಿದ್ದರೆ ಕಚೇರಿಗೆ ಹಿಂದಿನ ವಾರ ಫೋನ್ ಮಾಡಿ. ಬೆಳಿಗ್ಗೆ ಎಂಟಕ್ಕೆ ಬೆಂಚು ಜೋಡಿಸಲು ಜನ ಸಿಗುತ್ತಾರೆ, ಮಧ್ಯಾಹ್ನ ಎತ್ತಿಡುವ ಹೊತ್ತಿಗೆ ಯಾರೂ ಇರುವುದಿಲ್ಲ. ನಮ್ಮವರು ಆ ಪಾಳಿಯನ್ನೇ ಕೇಳಿ ಪಡೆಯಲಿ. ಬೆಂಚಿಗೆ ಇಬ್ಬರು ಬೇಕು: ಮಗುಚಿ ಮೇಜಿನ ಮೇಲಿಟ್ಟು, ಕೊಂಡಿಯನ್ನು ಒತ್ತಿ ಹಿಡಿದು, ಕಾಲನ್ನು ಅಡ್ಡಪಟ್ಟಿಯಿಂದಲೇ ಮಡಚಬೇಕು. ಕೀಲಿನ ಹತ್ತಿರ ಬೆರಳಿಟ್ಟರೆ ಕಚ್ಚುತ್ತದೆ.