ಆ ಮನೆಯವರಿಗೆ, ನಮ್ಮೂರಿನವರಿಗೆ

ನಮ್ಮ ಯಜಮಾನರಿಗೆ ಲಿವರ್ ಕಸಿಯಾಗಿ ಮೊನ್ನೆಗೆ ವರ್ಷ ತುಂಬಿತು. ಲಿವರ್ ಕೊಟ್ಟವರು ಯಾರೆಂದು ನಮಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಹಾಗೂ ಇಲ್ಲ, ನಿಯಮ ಹಾಗಿದೆ. ಅಂಗದಾನ ನೋಡಿಕೊಳ್ಳುವ ಸರ್ಕಾರದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ, ಕರೆ ಬಂದ ಕೂಡಲೇ ತಲುಪಬೇಕೆಂದು ಬೆಂಗಳೂರಿನ ನಾದಿನಿಯ ಮನೆಯಲ್ಲಿ ಕಾಯುತ್ತಿದ್ದೆವು. ಒಂದು ರಾತ್ರಿ ಫೋನ್ ಬಂತು. ಮಿದುಳು ನಿಷ್ಕ್ರಿಯವಾದ ತಮ್ಮವರ ಪಕ್ಕ ನಿಂತು ‘ಆಗಲಿ’ ಎಂದು ಸಹಿ ಹಾಕಿದ ಆ ಮನೆಯವರ ಕಣ್ಣಿಗೆ ಎಲ್ಲಾದರೂ ಬೀಳಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಇವರು ಈಗ ತೋಟದ ಅಂಚಿನವರೆಗೆ ನಡೆಯುತ್ತಾರೆ, ಮಗಳ ಲೆಕ್ಕ ತಿದ್ದುತ್ತಾರೆ, ಹಸಿವು ಎನ್ನುತ್ತಾರೆ. ನಿಮ್ಮ ಋಣ ನಮ್ಮಿಂದ ತೀರುವಂಥದ್ದಲ್ಲ.

ಲಿವರ್ ಕೆಟ್ಟಿತೆಂದರೆ ಕುಡಿತ ಎಂದೇ ಜನ ಅಂದುಕೊಳ್ಳುತ್ತಾರೆ. ಇವರು ಒಂದು ತೊಟ್ಟೂ ಮುಟ್ಟಿದವರಲ್ಲ. ರಕ್ತ ವಾಂತಿಯಾದಾಗ ಮೊದಲು ತೋರಿಸಿದ ಕಡೆ ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಕಾಯಿಲೆ ಎಂದು ಬರೆದುಕೊಟ್ಟರು. ಆಮೇಲೆ ಶಿವಮೊಗ್ಗದ ವೈದ್ಯರೊಬ್ಬರು ಹಳೆಯ ರಿಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಗ್ಲಾಬ್ಯುಲಿನ್ ಎಂಬ ಒಂದು ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳೂ ಸೇರಿರುವ ರಕ್ತದ ಪ್ರೋಟೀನ್ ಅದು. ಹಳೆಯ ಲಿವರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಏರಬೇಕಾದದ್ದು ಇವರಲ್ಲಿ ತೀರಾ ಇಳಿದಿತ್ತು. “ನ್ಯುಮೋನಿಯಾ ಆಗಿತ್ತಾ?” ಎಂದು ಕೇಳಿದರು. ಆಗಿತ್ತು, ಹಲವು ಸಲ. ಕಿವಿ ಸೋರುವುದು, ಸೈನಸ್ ಎಲ್ಲ ಚಿಕ್ಕಂದಿನಿಂದ ಇದ್ದದ್ದೇ. ಮಲೆನಾಡಿನ ಥಂಡಿ ಎಂದು ನಾವೆಲ್ಲ ಕಷಾಯ ಕುಡಿಸಿದ್ದೆವು.

ಐಜಿಜಿ ಎಂಬ ಪ್ರತಿಕಾಯದ ಪರೀಕ್ಷೆಯಲ್ಲಿ ಸಿವಿಐಡಿ ಎಂಬ ಕಾಯಿಲೆ ಎಂದು ಗೊತ್ತಾಯಿತು. ಮೈ ತನಗೆ ಬೇಕಾದಷ್ಟು ಪ್ರತಿಕಾಯ ಮಾಡಿಕೊಳ್ಳದ ಕಾಯಿಲೆ ಇದು. ಇಂಥವರಲ್ಲಿ ಕೆಲವರಿಗೆ ಲಿವರ್ ಒಳಗೆಲ್ಲ ಸಣ್ಣ ಗಂಟುಗಳಾಗಿ, ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಒತ್ತಡ ಏರಿ, ಗುಲ್ಮ ಉಬ್ಬಿ, ಅನ್ನನಾಳದ ರಕ್ತನಾಳ ಒಡೆಯುತ್ತದೆ. ಬಯಾಪ್ಸಿಯಲ್ಲಿ ಅದೇ ಕಂಡಿತು. ಹೆಪಟೈಟಿಸ್‌ನ ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬಂದರೂ, ಪ್ರತಿಕಾಯವೇ ಹುಟ್ಟದ ಮೈಯಲ್ಲಿ ಅದನ್ನು ನಂಬುವಂತಿಲ್ಲ ಎಂದು, ವೈರಸ್ಸನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿದವರೂ ಆ ವೈದ್ಯರೇ. ಸರ್, ನೀವು ಆ ಒಂದು ಸಾಲು ಓದದೆ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಕಸಿಯಾದ ಮೇಲೆ ಎಲ್ಲ ಸರಿಹೋಯಿತಲ್ಲ ಎಂದು ಕೇಳುವವರಿಗೆ ಒಂದು ಮಾತು. ಹೊಸ ಲಿವರ್ ಪ್ರತಿಕಾಯದ ಕೊರತೆಯನ್ನು ತುಂಬುವುದಿಲ್ಲ. ಅದನ್ನು ಮೈ ತಿರಸ್ಕರಿಸದಿರಲೆಂದು ಕೊಡುವ ಟ್ಯಾಕ್ರೊಲಿಮಸ್, ಇರುವ ಅಲ್ಪಸ್ವಲ್ಪ ರಕ್ಷಣೆಯನ್ನೂ ತಗ್ಗಿಸುತ್ತದೆ. ಅದೇ ಗಂಟುಗಳು ಹೊಸ ಲಿವರ್‌ನಲ್ಲೂ ಮರಳಬಹುದು ಎಂದು ವೈದ್ಯರು ಮುಚ್ಚಿಡದೆ ಹೇಳಿದ್ದಾರೆ. ಪ್ರತಿಕಾಯದ ಕೊರತೆ ಹಾಗೆಯೇ ಇರುವುದರಿಂದ ತಿಂಗಳಿಗೊಮ್ಮೆ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಬೇರೆಯವರ ಪ್ರತಿಕಾಯಗಳ ಡ್ರಿಪ್ ಏರಲೇಬೇಕು. ಏರಿಸಿದ್ದು ಮೂರು ವಾರಕ್ಕೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆ ಔಷಧಿ ಬರುವುದು ಮನುಷ್ಯರ ಪ್ಲಾಸ್ಮಾದಿಂದಲೇ, ಅಂದರೆ ರಕ್ತದ ದ್ರವಭಾಗದಿಂದ, ಒಂದೊಂದು ಬ್ಯಾಚಿಗೂ ಕನಿಷ್ಠ 1000 ದಾನಿಗಳದ್ದು ಸೇರಿರಬೇಕು. ಎಲ್ಲೋ ತೋಳು ಚಾಚಿ ಮಲಗಿ ರಕ್ತ ಕೊಟ್ಟು ಎದ್ದು ಹೋದವರೇ, ನಿಮಗೂ ನಮ್ಮ ನಮಸ್ಕಾರ.

ಔಷಧಿಯ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಆಷಾಢದ ಮಳೆಗೆ ಮರ ಬಿದ್ದು ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಹೊಸನಗರ ಪೇಟೆಯ ಔಷಧಿ ಅಂಗಡಿಯವರು ತಮ್ಮ ಇನ್ವರ್ಟರ್ ಇರುವ ಫ್ರಿಜ್‌ನಲ್ಲಿ ಮಳೆಗಾಲ ಪೂರ್ತಿ ಜಾಗ ಮಾಡಿಕೊಟ್ಟರು, ಬಾಡಿಗೆ ಮಾತೆತ್ತಿದರೆ ಬೈದರು. ಅಕ್ಕಪಕ್ಕದವರು ನಮ್ಮ ಅಡಿಕೆಯನ್ನೂ ತಮ್ಮ ಅಂಗಳಕ್ಕೇ ಹೊತ್ತುಕೊಂಡು ಹೋಗಿ ಸುಲಿದು, ಬೇಯಿಸಿ, ಒಣಗಿಸಿ ಕೊಟ್ಟರು. ಸಿಪ್ಪೆಯ ಬೂಸ್ಟು, ಧೂಳು ಇವರ ಶ್ವಾಸಕೋಶಕ್ಕೆ ಅಪಾಯವೆಂದು ನಾನು ಒಮ್ಮೆ ಹೇಳಿದ್ದೆ, ಅಷ್ಟೇ. ಪೋಲಿಯೊ ಭಾನುವಾರ ನಮ್ಮ ಆಶಾ ಕಾರ್ಯಕರ್ತೆ ಎಲ್ಲ ಮನೆಗೂ ಹನಿ ಹಾಕುತ್ತ ಬಂದು, ನಮ್ಮ ಚಿಕ್ಕವನಿಗೆ ಮಾತ್ರ ಹಾಕದೆ ಪುಸ್ತಕದಲ್ಲಿ ಬರೆದುಕೊಂಡು ಹೋದರು. ಆ ಹನಿಯಲ್ಲಿರುವುದು ಜೀವಂತ ವೈರಸ್, ಇಂಥ ರೋಗಿ ಇರುವ ಮನೆಯ ಮಗುವಿಗೆ ಇಂಜೆಕ್ಷನ್ನೇ ಆಗಬೇಕು ಎಂಬುದನ್ನು ಅವರು ನೆನಪಿಟ್ಟಿದ್ದರು! ನಾನು ನೆನಪಿಸಬೇಕಾಗಿಯೇ ಬರಲಿಲ್ಲ.

ಬರುವ ಭಾನುವಾರ ಮನೆಯಲ್ಲಿ ಸಣ್ಣ ಪೂಜೆ ಇಟ್ಟುಕೊಂಡಿದ್ದೇವೆ. ವರ್ಷವಿಡೀ ಗೇಟಿನಾಚೆಯೇ ನಿಂತು ಮಾತಾಡಿಸಿ ಹೋದವರೆಲ್ಲ ಈ ಸಲ ಜಗಲಿಗೆ ಬನ್ನಿ, ಊಟ ಮಾಡಿಕೊಂಡೇ ಹೋಗಬೇಕು. ಕೆಮ್ಮು ನೆಗಡಿ ಇದ್ದವರು ಬೇಸರಿಸಿಕೊಳ್ಳಬೇಡಿ, ಫೋನ್ ಮಾಡಿ. ಇವರೇ ಎತ್ತುತ್ತಾರೆ.