ಎಡಮುರಿಗೆ, ಬಸವನಹುಳು ಸಾಹೇಬನಿಂದ

ಪ್ರಿಯ ಎಡಮುರಿ,

ನಿವೃತ್ತನಾಗಿ ಕೊಡಗಿಗೆ ಬಂದವನು ಹೊತ್ತು ಹೇಗೆ ಕಳೆಯುತ್ತೀಯ ಎಂದು ಕೇಳಿದ್ದೆ. ಕೊಲ್ಲುತ್ತೇನೆ. ಚಿಪ್ಪಿನ ಪ್ರಾಣಿಗಳಿಗೆ ಹೆಸರು, ವಿಳಾಸ ಬರೆದೇ ಸಂಬಳ ತಿಂದವನು ಈಗ ರಾತ್ರಿಯಾದರೆ ಟಾರ್ಚು ಹಿಡಿದು ಕಾಫಿ ಗಿಡಗಳ ಬುಡ ತಡಕುತ್ತೇನೆ. ಸಂಜೆ ಒದ್ದೆ ಗೋಣಿಚೀಲ ಹಾಸಿದರೆ ಅದರಡಿ ಆಫ್ರಿಕದ ದೈತ್ಯ ಬಸವನಹುಳುಗಳು ಸಭೆ ಸೇರಿರುತ್ತವೆ. ಹೆಕ್ಕಿ ಉಪ್ಪುನೀರಿಗೆ ಹಾಕುವುದು, ಬೆಳಿಗ್ಗೆ ಗುಂಡಿ ತೆಗೆದು ಮುಚ್ಚುವುದು. ಶನಿವಾರಸಂತೆಯ ಸುತ್ತಮುತ್ತ ಮಳೆಗಾಲದಲ್ಲಿ ಎಲ್ಲರದೂ ಇದೇ ಕೆಲಸ.

ಇಲ್ಲಿ ನಾನು ‘ಡಾಕ್ಟರು’. ಮೊದಲು ಹಸುವಿಗೆ ಕೆಚ್ಚಲುಬಾವು ಎಂದು ಕರೆದರು. ಅದು ನನ್ನ ಇಲಾಖೆಯಲ್ಲ ಎಂದು ತಿಳಿದ ಮೇಲೆ ಪಕ್ಕದ ತೋಟದವರು ಹುಳು ಹಿಡಿದುಕೊಂಡು ಬಂದರು. “ಲಿಸ್ಸಕಟೀನ ಫುಲಿಕ” ಎಂದೆ. ಅವರು ಸ್ವಲ್ಪ ಕಾದು, “ಹೆಸರು ಹೇಳಿದರೆ ಸಾಯುತ್ತದೆಯೇ ಡಾಕ್ಟರೇ?” ಎಂದು ಕೇಳಿದರು. ನನ್ನ ವೃತ್ತಿಜೀವನದ ಬಗ್ಗೆ ಇಷ್ಟು ಚುಟುಕಾದ ವಿಮರ್ಶೆ ಬೇರೆ ಬಂದಿಲ್ಲ.

ಈ ಹುಳು ತಾನೇ ಹರಿದು ಬಂದದ್ದಲ್ಲ. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಚೌರಂಗಿಯ ತೋಟವೊಂದಕ್ಕೆ ಸೇರಿಸಿದವನು ವಿಲಿಯಂ ಹೆನ್ರಿ ಬೆನ್ಸನ್. ಕಂಪನಿ ಸರ್ಕಾರದ ಅಧಿಕಾರಿ. ಬಿಡುವಿನಲ್ಲಿ ಬಸವನಹುಳುಗಳ ಹುಚ್ಚು. ಪ್ರತಿಯೊಂದೂ ಗಂಡೂ ಹೌದು ಹೆಣ್ಣೂ ಹೌದಾದ, ಒಂದು ಬಾರಿಗೆ ಇನ್ನೂರರ ಆಸುಪಾಸು ಮೊಟ್ಟೆಯಿಡುವ, ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿ ಮಲಗಿ ಮುಂಗಾರಿಗೆ ಏಳುವ ಪ್ರಾಣಿಗೆ ಅಷ್ಟು ಸಾಕಾಯಿತು. ಅದೇ ಬೆನ್ಸನ್ 1850ರಲ್ಲಿ ನಮ್ಮ ಪಶ್ಚಿಮ ಘಟ್ಟದ ಕೆಂಪು ಬಸವನಹುಳುವನ್ನು ವಿಜ್ಞಾನಕ್ಕೆ ಪರಿಚಯಿಸಿದ. ಇಂಡ್ರೆಲ್ಲ ಆಂಪುಲ್ಲ. ಆ ಕುಲಕ್ಕೆ 1901ರಲ್ಲಿ ಇಂಡ್ರೆಲ್ಲ ಎಂದು ಹೆಸರಿಟ್ಟವನು ಗಾಡ್ವಿನ್ ಆಸ್ಟೆನ್, ಕಾರಕೋರಂನ ಕೆ2 ಶಿಖರಕ್ಕೆ ಕೆಲವು ನಕ್ಷೆಗಳಲ್ಲಿ ಯಾರ ಹೆಸರಿದೆಯೋ ಅದೇ ಸರ್ವೆ ಅಧಿಕಾರಿ. ಹಿಮಾಲಯ ಅಳೆದವನೂ ಕೊನೆಗೆ ಬಗ್ಗಿ ತರಗೆಲೆ ಕೆದಕಿದ ಎಂಬುದು ನನಗೆ ಇಂದಿಗೂ ಸಮಾಧಾನ. ಈಗ ನೋಡು, ಬೆನ್ಸನ್ ತಂದ ಹುಳುವಿಗೆಂದು ತೋಟಕ್ಕೆ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆ ಚೆಲ್ಲಿದರೆ ಬೆನ್ಸನ್ ಹೆಸರಿಟ್ಟ ಹುಳುವೂ ತಿಂದು ಸಾಯುತ್ತದೆ. ಗುಳಿಗೆಗೆ ಊರಿನದು, ಪರದೇಶದ್ದು ಎಂಬ ಭೇದವಿಲ್ಲ. ಅದಕ್ಕೇ ನಾನು ಕೈಯಿಂದ ಹೆಕ್ಕುವುದು, ಅದಕ್ಕೇ ಊರಿನವರು ನಗುವುದು.

ಮ್ಯೂಸಿಯಂ ದಿನಗಳಲ್ಲಿ ಇಂಥ ಇಕ್ಕಟ್ಟು ಇರಲಿಲ್ಲ. ಬೀರು ತೆರೆದರೆ ತಟ್ಟೆ, ತಟ್ಟೆಯಲ್ಲಿ ಚಿಪ್ಪು, ಚಿಪ್ಪಿನ ಜತೆ ಚೀಟಿ: ಎಲ್ಲಿ, ಯಾವಾಗ, ಯಾರು. ಚೀಟಿ ಹೋದರೆ ಚಿಪ್ಪು ಬರೀ ಆಟಿಕೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಭಯಕ್ಕೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಸಂಗ್ರಹವನ್ನು ಕಲ್ಕತ್ತೆಯಿಂದ ಕಾಶಿಗೆ ಸಾಗಿಸಿದರು. ಬಾಂಬಿನ ಬದಲು 1943ರಲ್ಲಿ ವರುಣಾ ನದಿಯೇ ಉಕ್ಕಿ ಒಳಗೆ ಬಂತು. ಆ ಕಥೆ ಕೇಳಿದಾಗಲೆಲ್ಲ ನನಗೆ ಮೊದಲು ಕಾಣುತ್ತಿದ್ದದ್ದು ನೀರಿನಲ್ಲಿ ತೇಲುವ ಚೀಟಿಗಳು. ಅಲ್ಲಿ ನಿರ್ದೇಶಕರಾಗಿದ್ದ ಬೇನಿ ಪ್ರಸಾದರೂ ಚಿಪ್ಪಿನ ಪ್ರಾಣಿಗಳ ಪಂಡಿತರೇ. ಚಿಪ್ಪು ಸಾಲದೆಂದು ಹುಮಾಯೂನನ ಕಾಲದ ಫಾರಸಿ ಗ್ರಂಥವೊಂದನ್ನು ಇಂಗ್ಲಿಷಿಗೆ ತಂದರು. ಒಳಗಿನ ಪ್ರಾಣಿ ಹೋದ ಮೇಲೆ ಉಳಿದದ್ದನ್ನು ಓದುವ ಚಟ ಅದು. ನನಗದು ಚೆನ್ನಾಗಿ ಅರ್ಥವಾಗುತ್ತದೆ.

ಭಾನುವಾರಗಳಂದು ಮಾತ್ರ ಜೀವಂತ ಮನುಷ್ಯರು ಬರುತ್ತಿದ್ದರು, ಬಟ್ಟೆಯಲ್ಲಿ ಸುತ್ತಿದ ಶಂಖದೊಡನೆ. “ಇದು ಬಲಮುರಿಯೇ ನೋಡಿ ಸಾರ್.” ಅದರಲ್ಲಿ ಎಷ್ಟೋ ಅಮೆರಿಕದ ಕಡಲಿನ ಬೇರೆಯೇ ಜಾತಿಯ ಚಿಪ್ಪು, ಹುಟ್ಟಾ ಆ ಕಡೆಗೇ ಸುತ್ತಿಕೊಳ್ಳುವಂಥದ್ದು. ಲಕ್ಷಗಟ್ಟಲೆ ಕೊಟ್ಟು ತಂದವರ ಮುಖ ನೋಡಿ ನಿಜ ಹೇಳುವ ಕಲೆ ನನಗೆ ಕೊನೆಗೂ ಬರಲಿಲ್ಲ. ನಿನ್ನ ಮಾವನವರ ವಿಷಯ ಇಲ್ಲಿ ಎತ್ತುವುದಿಲ್ಲ, ಎಲ್ಲರೂ ಓದುತ್ತಿದ್ದಾರೆ.

ಈಗ ಬರೆಯಬೇಕಾದದ್ದಕ್ಕೆ ಬರುತ್ತೇನೆ. ಮೊನ್ನೆ ಜಡಿಮಳೆ ನಿಂತ ಹೊತ್ತಿಗೆ ಏಲಕ್ಕಿಯ ಪಕ್ಕ ಒಂದು ಇಂಡ್ರೆಲ್ಲ ಸಿಕ್ಕಿತು. ಮೈಯೆಲ್ಲ ಕೆಂಪು. ಮ್ಯೂಸಿಯಂನಲ್ಲಿ ನಾನು ನೋಡಿದವೆಲ್ಲ ಸ್ಪಿರಿಟ್ಟಿನಲ್ಲಿ ಬಣ್ಣ ಬಿಟ್ಟು ಬಿಳಿಚಿದವು. ಇದು ಕೊಂಬು ಚಾಚಿ ನಿಧಾನಕ್ಕೆ ಹೊರಟಿತ್ತು. ನಾನು ಹಿಗ್ಗಬೇಕಿತ್ತು. ಆದರೆ ನನಗಾದದ್ದು ಅಸಹನೆ, ಮಾರಾಯ. ಅದು ನಿಲ್ಲಬೇಕಿತ್ತು. ಒಳಗೆ ಸೇರಿಕೊಂಡಿದ್ದರೆ ಇನ್ನೂ ಒಳ್ಳೆಯದಿತ್ತು. ಆಗ ಎತ್ತಿ, ತಿರುಗಿಸಿ, ಸುತ್ತು ಎಣಿಸಿ, ಪ್ರೀತಿಯಿಂದ ನೋಡಬಹುದಿತ್ತು. ನಡೆಯುತ್ತಿರುವುದನ್ನು ಏನು ಮಾಡಬೇಕೆಂದು ನನಗೆ ತಿಳಿಯಲೇ ಇಲ್ಲ.

ಮನೆಗೆ ಬಂದು ಅಪ್ಪನ ಮಳೆ ಪುಸ್ತಕ ತೆಗೆದೆ. ಪ್ಲಾಂಟರುಗಳ ಮನೆಯಲ್ಲಿ ಇರುತ್ತದಲ್ಲ, ದಿನದ ಮಳೆ ಇಂಚು, ಸೆಂಟ್ಸ್ ಲೆಕ್ಕದಲ್ಲಿ; ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಪಾಲು. ಅಪ್ಪ ಇದ್ದಾಗ ಫೋನಿನಲ್ಲಿ ಮಳೆಯ ಮಾತು ಎತ್ತಿದರೆ ನಾನು ಹೂಂಗುಟ್ಟುತ್ತ ಬೇರೇನೋ ಓದುತ್ತಿದ್ದೆ. ಈಗ ಅದೇ ಅಂಕಿಗಳನ್ನು ಬೆರಳಿಟ್ಟು ಓದುತ್ತೇನೆ. ನಡುನಡುವೆ ಅಂಚಿನಲ್ಲಿ ಪುಟ್ಟ ಅಕ್ಷರ: “ಒಂದು ಇಂಚು ಹತ್ತು ಸೆಂಟ್ಸ್. ಮಗ ಬಂದ.” ಕೆಲವು ಸಾಲು ಬಿಟ್ಟು, “ಮಳೆ ಇಲ್ಲ. ಮಗ ಹೋದ.” ನನ್ನ ಮೇಲೂ ಒಬ್ಬರು ಚೀಟಿ ಬರೆಯುತ್ತಿದ್ದರು ಎಂದು ಗೊತ್ತೇ ಇರಲಿಲ್ಲ. ಎದುರಿಗೆ ಕುಳಿತು ಕಾಫಿ ಕುಡಿಯುತ್ತಿದ್ದ ಅಪ್ಪನಿಗಿಂತ ಈ ಪುಸ್ತಕದ ಅಪ್ಪ ನನಗೆ ಹೆಚ್ಚು ಆಪ್ತ. ಇದನ್ನು ಬರೆಯುತ್ತೇನೆಂದು ಅಂದುಕೊಂಡಿರಲಿಲ್ಲ.

ಬರೆದ ಮೇಲೆ ಇನ್ನೊಂದೂ ಹೋಗಲಿ: ನೀನು ಮಡಿಕೇರಿಗೆ ಬಂದು ಕರೆದಾಗ ನನಗೆ ಜ್ವರವಿರಲಿಲ್ಲ. ನಿನಗೆ ಪತ್ರ ಬರೆಯುವುದೆಂದರೆ ನನಗೆ ಬಹಳ ಇಷ್ಟ, ಅಷ್ಟೇ.

ಸಾಕು. ಇದನ್ನು ಓದಿ ನಿನ್ನ ಹೆಂಡತಿ ಫೋನು ಮಾಡಿ, “ಅಣ್ಣಾ, ಊಟ ಸರಿಯಾಗಿ ಮಾಡುತ್ತಿದ್ದೀರಾ?” ಎಂದು ಕೇಳುತ್ತಾಳೆ, ಮಾಡುತ್ತಿದ್ದೇನೆ, ಹೊಟ್ಟೆಯೇ ಸಾಕ್ಷಿ ಎಂದು ಈಗಲೇ ಹೇಳಿಬಿಡು. ಬಸವನಹುಳುಗಳ ಹಿಂದೆ ಓಡಿದ್ದರಿಂದ ವ್ಯಾಯಾಮವೂ ಆಗಿಲ್ಲ.

ಹುತ್ತರಿಗೆ ಬಾ. ಕಡಂಬುಟ್ಟು, ಪಂದಿಕರಿ ಎರಡೂ ಪಕ್ಕದ ಮನೆಯಿಂದ ಬರುತ್ತವೆ. ಡಾಕ್ಟರ ಫೀಸು ಎಂದುಕೊಂಡಿದ್ದೇನೆ, ಅವರು ಏನೆಂದುಕೊಂಡಿದ್ದಾರೋ. ಮಳೆ ಇರುವಾಗಲೇ ಬರುವುದಾದರೆ ನಿನ್ನ ಕೈಗವಸು ನೀನೇ ತಾ. ಈ ಹುಳುವಿನ ಲೋಳೆಯಲ್ಲಿ ಇಲಿಯಿಂದ ಬರುವ ಪರೋಪಜೀವಿ ಇರಬಹುದು, ಮಿದುಳಿಗೆ ಏರುತ್ತದೆ. ನಿನ್ನ ವಿಷಯದಲ್ಲಿ ಅಂಥ ಅಪಾಯವಿಲ್ಲವೆಂದು ಗೊತ್ತು, ಆದರೂ ತಾ.

ನಿನ್ನ,
ಬಸವನಹುಳು ಸಾಹೇಬ