ಪಟ್ಟಿಂಗ್ ಕಲಿಯಲು ಮೊದಲು ಒಂದು ಸ್ಟೀಲ್ ಸ್ಕೇಲ್ ಸಾಕು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಮೈಸೂರಿನಲ್ಲಿ ಕ್ರಿಕೆಟ್, ಈಜು ಶಿಬಿರಗಳ ಜೊತೆಗೆ ಈಗೀಗ ಗಾಲ್ಫ್ ತರಬೇತಿಗೂ ಮಕ್ಕಳನ್ನು ಸೇರಿಸುವ ತಂದೆತಾಯಂದಿರು ಕಾಣಸಿಗುತ್ತಾರೆ. ಸಂತೋಷದ ವಿಷಯವೇ. ಆದರೆ ಮಗು ಪಟ್ಟರ್ (ಚೆಂಡನ್ನು ನೆಲದ ಮೇಲೆ ಉರುಳಿಸಿ ಗುಳಿಗೆ ಸೇರಿಸುವ ಕೋಲು) ಹಿಡಿದು ಹತ್ತು ದಿನ ಕಳೆಯುವ ಮುನ್ನವೇ ಕನ್ನಡಿ, ಹಳಿ, ಚೆಂಡನ್ನು ಹಿಂದಿರುಗಿಸುವ ಮ್ಯಾಟ್ ಎಂದು ಸಾವಿರಾರು ರೂಪಾಯಿಯ ಸಾಧನಗಳನ್ನು ಆನ್‌ಲೈನ್‌ನಲ್ಲಿ ತರಿಸುವುದನ್ನು ಕಂಡಾಗ, ನಿವೃತ್ತಿಯ ನಂತರ ಈ ಆಟಕ್ಕೆ ಬಂದು ಅದೇ ತಪ್ಪನ್ನು ಮಾಡಿದ ನನಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ಹೀಗೆ ಚೆಂಡನ್ನು ಗುಳಿಗೆ ಉರುಳಿಸುವ ಪಟ್ಟಿಂಗ್‌ಗೆ ಇಷ್ಟು ಮಹತ್ವವೇಕೆ ಎಂದು ಆಟ ತಿಳಿಯದ ಓದುಗರು ಕೇಳಬಹುದು. 18 ಗುಳಿಗಳ ಮೈದಾನಕ್ಕೆ ಪಾರ್ (ನುರಿತ ಆಟಗಾರರಿಗೆ ಬೇಕಾಗುವ ಹೊಡೆತಗಳ ಲೆಕ್ಕ) 72 ಎಂದು ನಿಗದಿಪಡಿಸುವಾಗ, ಪ್ರತಿ ಗ್ರೀನ್‌ನಲ್ಲಿ, ಅಂದರೆ ಗುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಜಾಗದಲ್ಲಿ, ಎರಡರಂತೆ 36 ಹೊಡೆತಗಳು ಪಟ್‌ಗಳೆಂದೇ ಲೆಕ್ಕ ಹಿಡಿಯಲಾಗುತ್ತದೆ. ಅಂದರೆ ಸರಿಯಾಗಿ ಅರ್ಧ ಆಟ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್, ದೂರಕ್ಕೆ ಹೊಡೆಯುವುದರಲ್ಲಿ ಎದುರಾಳಿಗಳಿಗಿಂತ ಹಿಂದಿದ್ದರೂ, ಬಹುಮಟ್ಟಿಗೆ ಪಟ್ಟರ್‌ನ ಬಲದಿಂದಲೇ ಕೊನೆಯ ದಿನದವರೆಗೂ ಪದಕದ ಸ್ಪರ್ಧೆಯಲ್ಲಿದ್ದು, ಒಂದೇ ಒಂದು ಹೊಡೆತದ ಅಂತರದಲ್ಲಿ ಕಂಚು ಕಳೆದುಕೊಂಡು ನಾಲ್ಕನೆಯವರಾದರು. ನಮ್ಮ ಊರಿನವರೇ ಆದ ಪ್ರಣವಿ ಅರಸ್ ಅವರು ಈಗ ವಿದೇಶದ ಟೂರ್ನಿಗಳಲ್ಲಿ ಆಡುತ್ತಿರುವುದರಿಂದ ಇಲ್ಲಿನ ಮಕ್ಕಳಿಗೂ ಆಸೆ ಚಿಗುರಿರುವುದು ಸಹಜ.

ನಾನು ಕೊಂಡದ್ದು ತುದಿಯಲ್ಲಿ ಗುಳಿಯಿರುವ ಹಸಿರು ಮ್ಯಾಟ್. ನಡುಮನೆಯಲ್ಲಿ ಹಾಸಿಕೊಂಡು ಎರಡು ತಿಂಗಳು ದಿನವೂ ಅಭ್ಯಾಸ ಮಾಡಿದೆ. ಹತ್ತಕ್ಕೆ ಎಂಟು ಚೆಂಡು ಗುಳಿ ಸೇರತೊಡಗಿದವು. ಚಾಮುಂಡಿ ಬೆಟ್ಟದ ತಪ್ಪಲಿನ ಮೈದಾನದಲ್ಲಿ ಮೊದಲ ಗ್ರೀನ್‌ಗೆ ಹೋಗಿ ಹೊಡೆದರೆ ಚೆಂಡು ಗುಳಿಯನ್ನು ದಾಟಿ ಐದಾರು ಅಡಿ ಮುಂದೆ ಹೋಗಿ ನಿಂತಿತು. ಕಾರಣ ಹೊಳೆಯಲು ಬಹಳ ದಿನ ಹಿಡಿಯಿತು: ಆ ಮ್ಯಾಟ್‌ನ ಗುಳಿ ಒಂದು ಏರಿನ ಮೇಲಿತ್ತು, ಏರು ಹತ್ತಿಸಲು ಬೇಕಾದ ಜೋರನ್ನೇ ನನ್ನ ಕೈ ರೂಢಿ ಮಾಡಿಕೊಂಡಿತ್ತು. ಹಿಂದೆ ನಾಸಾದಲ್ಲಿ ಕೆಲಸ ಮಾಡಿದ್ದ ಅಮೆರಿಕದ ತರಬೇತುದಾರ ಡೇವ್ ಪೆಲ್ಜ್, ತಪ್ಪಿದ ಪಟ್ ಗುಳಿಯಿಂದ ಸುಮಾರು 17 ಅಂಗುಲ ಮುಂದೆ ಹೋಗಿ ನಿಲ್ಲುವಷ್ಟು ವೇಗವಿದ್ದರೆ ಸಾಕು ಎಂದಿದ್ದಾರೆ. ಅದಕ್ಕಿಂತ ಜೋರಾದಷ್ಟೂ ಗುಳಿ ಚೆಂಡಿನ ಪಾಲಿಗೆ ಕಿರಿದಾಗುತ್ತಾ ಹೋಗುತ್ತದೆ, ಅಂಚಿಗೆ ತಾಗಿದ ಚೆಂಡು ಒಳಗೆ ಬೀಳದೆ ಹೊರಳಿ ಹೋಗುತ್ತದೆ. ಚಿಕ್ಕಂದಿನಲ್ಲಿ ಗೋಲಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಿಕ್ಕಿನ ವಿಷಯಕ್ಕೆ ಬರೋಣ, ಏಕೆಂದರೆ ಸಾಧನಗಳು ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿಯೇ. ಗುಳಿಯ ವ್ಯಾಸ ನಾಲ್ಕೂಕಾಲು ಅಂಗುಲ. ಹತ್ತು ಅಡಿ ದೂರದ ನೇರ ಪಟ್‌ನಲ್ಲಿ ಚೆಂಡು ಒಂದೇ ಒಂದು ಡಿಗ್ರಿ ಓರೆಯಾಗಿ ಹೊರಟರೂ ಗುಳಿಯ ನಡುವಿನಿಂದ ಎರಡು ಅಂಗುಲಕ್ಕಿಂತ ತುಸು ಹೆಚ್ಚೇ ಸರಿಯುತ್ತದೆ, ಅಂದರೆ ಅಂಚಿಗೆ ಬಂದು ನಿಲ್ಲುತ್ತದೆ. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆಂಬುದನ್ನು ಬಹುಪಾಲು ತೀರ್ಮಾನಿಸುವುದು ತಾಗುವ ಕ್ಷಣದಲ್ಲಿ ಪಟ್ಟರ್‌ನ ಮುಖ ಎತ್ತ ನೋಡುತ್ತಿತ್ತು ಎಂಬುದೇ ಹೊರತು, ಕೈ ಬೀಸಿದ ದಾರಿಯಲ್ಲ. ಒಂದು ಡಿಗ್ರಿಯ ಈ ತಪ್ಪು ಬರಿಗಣ್ಣಿಗೆ ಕಾಣುವುದಿಲ್ಲ; ಅದನ್ನು ಕಾಣಿಸುವುದಷ್ಟೇ ಸಾಧನದ ಕೆಲಸ.

ಕಳೆದ ವರ್ಷ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಕಟ್ಟುತ್ತಿದ್ದ ಮೇಸ್ತ್ರಿಯವರಿಂದ ಬಣ್ಣದ ದಾರ ಕೇಳಿ ಪಡೆದು, ನಮ್ಮ ಪಡಸಾಲೆಯ ನೆಲದ ಮೇಲೆ ಎಂಟು ಅಡಿಯ ಗೆರೆ ಹೊಡೆಸಿಕೊಂಡೆ. (ಆ ಗೆರೆ ಇನ್ನೂ ಪೂರ್ತಿ ಅಳಿಸಿಲ್ಲ, ಮನೆಯವರ ಸಿಟ್ಟೂ ಅಳಿಸಿಲ್ಲ.) ಚೆಂಡು ಮೊದಲ ಎರಡು ಅಡಿಯೊಳಗೇ ಗೆರೆ ಬಿಟ್ಟು ಎಡಕ್ಕೆ ಸರಿಯುತ್ತಿದ್ದುದನ್ನು ಕಂಡ ಮೇಲೆ ನನ್ನ ರೋಗ ಯಾವುದೆಂದು ಗೊತ್ತಾಯಿತು. ಆಮೇಲೆ ಹಾರ್ಡ್‌ವೇರ್ ಅಂಗಡಿಯಿಂದ ಒಂದಂಗುಲ ಅಗಲದ, ಒಂದು ಮೀಟರ್ ಉದ್ದದ ಸ್ಟೀಲ್ ಸ್ಕೇಲ್ ತಂದೆ. ಅದರ ಒಂದು ತುದಿಯಲ್ಲಿ ಚೆಂಡಿಟ್ಟು ಮೆಲ್ಲಗೆ ಹೊಡೆದಾಗ, ಅದು ಇನ್ನೊಂದು ತುದಿಯವರೆಗೆ ಜಾರದೆ ಉರುಳಿದರೆ ತಪ್ಪು ಒಂದು ಡಿಗ್ರಿಯೊಳಗಿದೆ ಎಂದೇ ಅರ್ಥ. ಪಟ್ಟರ್‌ನ ತಲೆ ಹಾದುಹೋಗುವಷ್ಟೇ ಜಾಗ ಬಿಟ್ಟು ಎರಡು ಟೀಗಳನ್ನು (ಮೊದಲ ಹೊಡೆತಕ್ಕೆ ಚೆಂಡನ್ನಿಡುವ ಪುಟ್ಟ ಗೂಟಗಳು) ನೆಟ್ಟು ನಡುವೆ ಹೊಡೆಯುವ ಅಭ್ಯಾಸವೂ ಇಷ್ಟೇ ಅಗ್ಗದ್ದು. ಟೈಗರ್ ವುಡ್ಸ್ ಅಂಥವರೇ ಅದನ್ನು ಬಿಟ್ಟವರಲ್ಲ.

ಕನ್ನಡಿಯ ಬಗ್ಗೆ ನನ್ನ ತಕರಾರಿಲ್ಲ, ಕಣ್ಣು ಚೆಂಡಿನ ನೇರಕ್ಕಿದೆಯೇ, ಭುಜ ಓರೆಯಾಗಿದೆಯೇ ಎಂಬುದನ್ನು ಅದು ಪ್ರಾಮಾಣಿಕವಾಗಿ ತೋರಿಸುತ್ತದೆ. ಪಟ್ಟರನ್ನು ಹಿಡಿದು ನಡೆಸುವ ಹಳಿಗಳ ಬಗ್ಗೆ ಮಾತ್ರ ಅನುಮಾನವಿದೆ: ತಪ್ಪು ಮಾಡಲು ಅವು ಬಿಡುವುದೇ ಇಲ್ಲವಾದ್ದರಿಂದ ತಪ್ಪನ್ನು ತಿದ್ದಿಕೊಳ್ಳಲೂ ಕೈ ಕಲಿಯುವುದಿಲ್ಲ.

ಪೋಷಕರಿಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ, ಸ್ಪರ್ಧೆಯ ನಡುವೆ ಇವು ಯಾವುವನ್ನೂ ಬಳಸುವಂತಿಲ್ಲ. ಒಟ್ಟು ಹೊಡೆತಗಳನ್ನು ಎಣಿಸಿ ಗೆಲುವು ತೀರ್ಮಾನಿಸುವ ಸ್ಟ್ರೋಕ್ ಪ್ಲೇಯಲ್ಲಿ ಮೊದಲ ಸಲಕ್ಕೆ ಎರಡು ಹೊಡೆತಗಳ ದಂಡ, ಅದೇ ಸುತ್ತಿನಲ್ಲಿ ಮತ್ತೆ ಬೇರೊಂದು ಸಲ ಮುರಿದರೆ ಅನರ್ಹತೆ. ಲಯಕ್ಕೆಂದು ಕಿವಿಗೆ ಸಂಗೀತ ಹಾಕಿಕೊಳ್ಳುವುದೂ ನಿಷಿದ್ಧ. ಚೆಂಡಿನ ಮೇಲೆ ಗೆರೆ ಎಳೆದುಕೊಳ್ಳಲು ಅಡ್ಡಿಯಿಲ್ಲ. ಇನ್ನು ದೂರದ ಅಂದಾಜನ್ನು ಯಾವ ಸಾಧನವೂ ಕಲಿಸಲಾರದು. ಬೆಳಗಿನ ಇಬ್ಬನಿಯಲ್ಲಿ ನಿಧಾನವಾಗಿ ಉರುಳುವ ಚೆಂಡು ಅದೇ ಗ್ರೀನ್‌ನಲ್ಲಿ ಮಧ್ಯಾಹ್ನ ಓಡುವುದನ್ನು ಅಲ್ಲಿಯೇ ನಿಂತು ಕಲಿಯಬೇಕು.

ಆದ್ದರಿಂದ ತರಬೇತುದಾರರಲ್ಲಿ ನನ್ನ ವಿನಂತಿ ಇಷ್ಟೇ. ಸಾಧನ ಕೊಳ್ಳಿರೆಂದು ಹೇಳುವ ಮುನ್ನ, ಪ್ರತಿ ಮಗು ಆರು ಅಡಿಯಿಂದ ಹೊಡೆದ ಐವತ್ತು ಪಟ್‌ಗಳಲ್ಲಿ ಎಷ್ಟು ಎಡಕ್ಕೆ ಹೋದವು, ಎಷ್ಟು ಬಲಕ್ಕೆ, ಎಷ್ಟು ಗುಳಿ ಮುಟ್ಟದೆ ನಿಂತವು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪೋಷಕರ ಕೈಗೆ ಕೊಡಲಿ. ಏನು ಕೊಳ್ಳಬೇಕು, ಕೊಳ್ಳಲೇಬೇಕೇ ಎಂಬುದನ್ನು ಆ ಹಾಳೆಯನ್ನು ನೋಡಿ ಅವರು ನಿರ್ಧರಿಸಿಕೊಳ್ಳುತ್ತಾರೆ.

– ಒಬ್ಬ ನಿವೃತ್ತ ನೌಕರ, ಕುವೆಂಪುನಗರ, ಮೈಸೂರು